ದ್ವೀಪ ಆರಿಸಿದ ರವಿವಾರ

2014ರ ಮಾರ್ಚ್ ತಿಂಗಳ ನಡುವಿನ ಒಂದು ರವಿವಾರ, ಬೆಳಗಿನ ಏಳು ಗಂಟೆ. ಸ್ಥಳ: ಕಾಗವಾಡದಿಂದ ಅಥಣಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ದ್ರಾಕ್ಷಿ ತೋಟದ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ಯಜಮಾನರು, ಹಿಂದಿನ ದಿನ ನಿಪ್ಪಾಣಿಯಿಂದ ಲ್ಯಾಪ್‌ಟಾಪ್ ಸಮೇತ ಬಂದಿದ್ದ ಮಗಳು ವಿದ್ಯಾ, ಮತ್ತು ಯಜಮಾನರ ತಂಗಿ ಕಸ್ತೂರಿ. ಕಸ್ತೂರಿ ಸದಲಗಾದಿಂದ ಒಣದ್ರಾಕ್ಷಿ ಆರಿಸಲು ನೆರವಾಗುತ್ತೇನೆಂದು ಬಂದವಳು, ಬಂದಾಗಿನಿಂದ ಆರಿಸಿದ್ದಕ್ಕಿಂತ ತಿಂದದ್ದೇ ಹೆಚ್ಚು. ಸಭೆಯ ವಿಷಯ ಒಂದೇ. ನಾನು ಸಮುದ್ರದ ತಳಕ್ಕೆ ಇಳಿಯಬೇಕು. ಅದಕ್ಕೆ ಯಾವ ದ್ವೀಪ, ಯಾವ ರಿಸಾರ್ಟ್ ಎಂಬುದು ಹೊತ್ತು ಮುಳುಗುವುದರೊಳಗೆ ನಿಶ್ಚಯವಾಗಬೇಕು.

ಏನನ್ನೇ ಬರೆಯಲಿ, ಹಾಜರಿ ಕರೆಯದೆ ನನಗೆ ಶುರು ಮಾಡಲು ಬರುವುದಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಇಡೀ ನೌಕರಿ ಸವೆಸಿದವಳು ನಾನು. ಬೆಳಿಗ್ಗೆ ಪ್ರಾರ್ಥನೆ, ಸಾಲು, ಉಗುರು ತಪಾಸಣೆ, ಆಮೇಲೆ ಆಟ. ನಿವೃತ್ತಿಯ ಮರುದಿನ ಬೆಳಿಗ್ಗೆ ಎದ್ದು ತೋಟದ ದ್ರಾಕ್ಷಿ ಸಾಲುಗಳ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆನಂತೆ. ಯಜಮಾನರು ಇದನ್ನು ಬಂದವರಿಗೆಲ್ಲ ಹೇಳುತ್ತಾರೆ. "ಬಳ್ಳಿಗೋಳು ಸುಮ್ಮ ಸಾಲಾಗಿ ನಿಂತಾವ, ಇಲ್ಲಂದ್ರ ಈಕಿ ಅವಕ್ಕೂ ಸೀಟಿ ಊದತಿದ್ಲು" ಅನ್ನುವುದು ಅವರ ಮಾತು. ಸೀಟಿ ಊದಿದ್ದು ಸುಳ್ಳು. ನಿಂತಿದ್ದು ನಿಜ.

ಸಭೆಯನ್ನು ಮೊದಲು ಕೆಡಿಸಿದವಳು ಕಸ್ತೂರಿ.

"ವೈನಿ, ರಿಟೈರ್ ಆದಮ್ಯಾಲ ಮಂದಿ ಕಾಶಿಗಿ ಹೋಗ್ತಾರ, ಪಂಢರಪುರಕ್ಕ ಹೋಗ್ತಾರ. ನೀವು ಸೀದಾ ಪಾತಾಳಕ್ಕ ಹೊಂಟೀರಲ್ರಿ?"

"ಪಂಢರಪುರದಿಂದ ತಿರುಗಿ ಬರಾಕ ಬಸ್ಸರ ಐತಿ," ಎಂದರು ಯಜಮಾನರು, ಚಹಾದ ಬಟ್ಟಲಿನಿಂದ ಮುಖ ಎತ್ತದೆ.

"ವಿಷಯಕ್ಕ ಬರ್ರಿ," ಎಂದೆ ನಾನು.

ವಿಷಯಕ್ಕೆ ಬರುವ ಮೊದಲು ನಿಮಗೆ ಜುಗೂಳದ ಹೊಳೆಯನ್ನು ತೋರಿಸಬೇಕು. ಇಲ್ಲದಿದ್ದರೆ ನೀವೂ ಕಸ್ತೂರಿಯ ಪಕ್ಷ ಸೇರುತ್ತೀರಿ.

ನಾನು ಹುಟ್ಟಿ ಬೆಳೆದದ್ದು ಜುಗೂಳದಲ್ಲಿ, ಕೃಷ್ಣೆಯ ದಂಡೆಗೆ. ನಮ್ಮ ಕಾಲದಲ್ಲಿ ಬೇಸಿಗೆ ಬಂತೆಂದರೆ ಹೊಳೆ ಇಳಿದು, ನೀರು ಕನ್ನಡಿಯಂತೆ ತಿಳಿಯಾಗುತ್ತಿತ್ತು. ಹೆಂಗಸರು ಬಟ್ಟೆ ಒಗೆಯಲು ಇಳಿದರೆ ನಾವು ಹುಡುಗಿಯರು ಬಟ್ಟೆಯ ನೆಪದಲ್ಲಿ ಇಳಿಯುತ್ತಿದ್ದೆವು. ನನಗೆ ಈಜು ಕಲಿಸಿದವನು ನನ್ನ ಅಣ್ಣ. ಅವನನ್ನು ದಾದಾ ಎಂದು ಕರೆಯುತ್ತಿದ್ದೆವು. ಖಾಲಿ ಎಣ್ಣೆ ಡಬ್ಬಿಯ ಬಾಯಿ ಬಿಗಿದು ಬೆನ್ನಿಗೆ ಕಟ್ಟಿ ನನ್ನನ್ನು ನೀರಿಗೆ ದೂಡಿದ. ಡಬ್ಬಿ ಬಿಚ್ಚಿದ ದಿನ ಒಂದೇ ಪಾಠ ಹೇಳಿದ: "ಬಾಯಿ ಮುಚ್ಚು, ದಮ್ಮ ಹಿಡಿ, ಆಮ್ಯಾಲ ಮುಳುಗು. ನೀರಾಗ ದಮ್ಮ ಬಿಟ್ಟಿ ಅಂದ್ರ ಜೀವಾ ಬಿಟ್ಟಂಗ, ತಿಳೀತಿಲ್ಲೋ?"

ತಿಳಿಯಿತು. ಎಷ್ಟು ತಿಳಿಯಿತೆಂದರೆ, ಊರಿನ ಹುಡುಗರಲ್ಲಿ ಯಾರೂ ನನ್ನಷ್ಟು ಹೊತ್ತು ತಳದಲ್ಲಿ ಕೂರುತ್ತಿರಲಿಲ್ಲ. ತಳ ಮುಟ್ಟಿದ ಗುರುತಿಗೆ ಒಂದು ಹಿಡಿ ಮರಳು ತರಬೇಕೆಂಬುದು ಪಂದ್ಯದ ನಿಯಮ. ನಾನು ಮರಳು ತರುವುದನ್ನು ಮರೆತು ಬರುತ್ತಿದ್ದೆ, ಏಕೆಂದರೆ ಕೆಳಗೆ ಕಣ್ಣು ಬಿಟ್ಟುಕೊಂಡು ಕೂತಿರುತ್ತಿದ್ದೆ. ಬೆರಳುದ್ದದ ಮೀನುಗಳು ಹರಿವಿಗೆ ಎದುರಾಗಿ ಸಾಲು ಹಿಡಿದು ನಿಲ್ಲುತ್ತಿದ್ದವು, ಥೇಟ್ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ. ಒಂದು ಸಲ ಬಂಡೆಯ ಕೆಳಗಿನ ಪೊಟರೆಯಿಂದ ಮೀಸೆಯ ದೊಡ್ಡ ಮೀನೊಂದು ತಲೆ ಹಾಕಿತು. ನನ್ನನ್ನು ನೋಡಿತು. ನಿಧಾನವಾಗಿ, ಅವಸರವೇ ಇಲ್ಲದೆ, ಹೊರಗೆ ಬರತೊಡಗಿತು. ಅರ್ಧ ಬಂದಿತ್ತು, ಅಷ್ಟರಲ್ಲಿ ನನ್ನ ದಮ್ಮು ಮುಗಿಯಿತು. ಮೇಲೆ ಹೋಗಿ ಗಾಳಿ ತುಂಬಿಕೊಂಡು ಮತ್ತೆ ಇಳಿದರೆ ಪೊಟರೆ ಖಾಲಿ. ಅದರ ಬಾಲ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಹಟದ ಬೇರು ಅಲ್ಲಿದೆ. ನೀರೊಳಗಿನದನ್ನು ನಾನು ನೋಡಿದ್ದೆಲ್ಲ ಒಂದೊಂದು ಉಸಿರಿನಷ್ಟು. ಉಸಿರಿನ ಗಡಿಬಿಡಿ ಇಲ್ಲದೆ, ಕೂತು, ಪೂರ್ತಿ ನೋಡಬೇಕೆಂಬ ಆಸೆ ಬಾಲ್ಯದಲ್ಲೇ ಹುಟ್ಟಿ, ಆಮೇಲೆ ನೌಕರಿ, ಮದುವೆ, ದ್ರಾಕ್ಷಿಗಳ ಕೆಳಗೆ ಸೇರಿಹೋಗಿತ್ತು. ಜುಗೂಳದಲ್ಲಿ ಈಗ ಇಳಿದರೆ ಕಾಣುವುದು ಕೆಸರುಬಣ್ಣ ಒಂದೇ.

ಆ ಆಸೆಯನ್ನು ಎಬ್ಬಿಸಿದವಳು ನನ್ನ ಒಬ್ಬ ಹಳೆಯ ವಿದ್ಯಾರ್ಥಿನಿ. ಮೈದಾನಕ್ಕೆ ಎರಡು ಸುತ್ತು ಓಡು ಎಂದರೆ ಒಂದೇ ಸುತ್ತಿಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ ಹುಡುಗಿ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಅಂಡಮಾನಕ್ಕೆ ಹೋಗಿ ಬಂದವಳು ಮನೆಗೆ ಪೇಢೆ ಕೊಡಲು ಬಂದಳು, ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಸಮುದ್ರದ ತಳ. ಬೆನ್ನಿಗೆ ಸಿಲಿಂಡರ್, ಬಾಯಲ್ಲಿ ನಳಿಗೆ, ಮುಖದ ಸುತ್ತ ಹಳದಿ ಮೀನು. "ಅರ್ಧಾ ತಾಸು ಕೆಳಗ ಇದ್ನಿರಿ ಅಕ್ಕಾರ," ಎಂದಳು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರ ಎನ್ನುತ್ತಾರೆ. ಅವಳು ಹೋದ ಮೇಲೆ ಪೇಢೆ ಬಾಯಲ್ಲಿ ಹಾಕಿಕೊಂಡೆ, ರುಚಿ ಹತ್ತಲಿಲ್ಲ. ಅಸೂಯೆ ಎನ್ನಿ, ಬೇಡವೆನ್ನುವುದಿಲ್ಲ. ಎರಡು ಸುತ್ತು ಓಡಲಾರದವಳು ಅರ್ಧ ತಾಸು! ನಾನು ಜೀವಮಾನದಲ್ಲಿ ನೋಡಿದ್ದನ್ನೆಲ್ಲ ಒಟ್ಟು ಮಾಡಿದರೂ ಅಷ್ಟಾಗಲಿಕ್ಕಿಲ್ಲ.

ಇನ್ನು ಸಭೆ.

ದ್ವೀಪ ಆರಿಸುವುದು ಸುಲಭವೆಂದು ತಿಳಿಯಬೇಡಿ, ಅದೂ ದ್ರಾಕ್ಷಿಯವರಿಗೆ. ನಮ್ಮ ಪಂಚಾಂಗ ಬೇರೆ. ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದರೆ ಅಲ್ಲಿಂದ ದಿನವೂ ಔಷಧಿ ಸಿಂಪಡಣೆ. ಮೋಡ ಬಂದರೆ ಎದೆ ಡವಡವ. ಚಳಿಗಾಲ ಪೂರ್ತಿ ಮನೆಯವರು ಊರು ಬಿಡುವಂತಿಲ್ಲ. ಆಮೇಲೆ ಗೊನೆ ಕೊಯ್ದು, ಶೆಡ್ಡಿನ ಬಲೆಗಳ ಮೇಲೆ ಹರಡಿ, ಒಣಗಿಸಿ, ಉದುರಿಸಿ, ಆರಿಸಿ ಚೀಲಕ್ಕೆ ತುಂಬಬೇಕು. ಏಪ್ರಿಲಿನಲ್ಲಿ ಮತ್ತೆ ಬಳ್ಳಿ ಕತ್ತರಿಸಬೇಕು. ಒಣದ್ರಾಕ್ಷಿ ಕೆಳಗಿಳಿದು ಏಪ್ರಿಲ್ ಕತ್ತರಿ ಏಳುವುದರ ನಡುವೆ ಒಂದು ವಾರ ಬಿಡುವು. ವರ್ಷಕ್ಕೆ ಅಷ್ಟೇ. ಆ ವಾರ ಸಮುದ್ರವೂ ಶಾಂತವಾಗಿರಬೇಕು, ನೀರೂ ತಿಳಿಯಾಗಿರಬೇಕು. ಈ ವರ್ಷ ತಪ್ಪಿದರೆ ಮುಂದಿನ ಮಾರ್ಚಿಗೆ ನನಗೆ ಇನ್ನೊಂದು ವಯಸ್ಸು. ಆಗಲೇ ಅರವತ್ತು ದಾಟಿದ್ದೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತಾಡತೊಡಗಿತ್ತು.

"ಮಾಲವಣಕ್ಕ ಹೋಗೂಣು," ಎಂದರು ಯಜಮಾನರು. "ಮುಂಜಾನೆ ಹೋದ್ರ ಸಂಜಿಗಿ ಹಾಲು ಹಿಂಡೂ ಹೊತ್ತಿಗಿ ಮನ್ಯಾಗ."

ಅವರ ಭೂಗೋಳಕ್ಕೆಲ್ಲ ಹಾಲು ಹಿಂಡುವ ಹೊತ್ತೇ ಗಡಿ. ಶಾಲೆಯ ಪ್ರವಾಸಕ್ಕೆ ಹುಡುಗಿಯರನ್ನು ಕರೆದುಕೊಂಡು ನಾನು ಮಹಾರಾಷ್ಟ್ರದ ಕಡಲ ದಂಡೆಯ ಆ ಮಾಲವಣಕ್ಕೆ ಹೋಗಿದ್ದೆ. ನಾವು ಹೋದ ದಿನ ನೀರು ಕದಡಿ ಪಾದವೇ ಕಾಣುತ್ತಿರಲಿಲ್ಲ. ಅಲ್ಲದೆ ಹೋಗಿ ಮುಟ್ಟಿ ಬರುವುದು ನನಗೆ ಬೇಡ. ಮೊದಲ ದಿನ ಅಂಜಿಕೆಗೆ ಹೋಗುತ್ತದೆ, ಎರಡನೆಯ ದಿನ ಅಂಜಿಕೆ ಹೋಯಿತೆಂಬ ಖುಷಿಗೆ. ನೋಡುವುದು ಮೂರನೆಯ ದಿನ. ಇದು ಮೈದಾನದ ಅನುಭವ. ಆದ್ದರಿಂದ ಮುರ್ಡೇಶ್ವರದ ಹತ್ತಿರದ ನೇತ್ರಾಣಿಯನ್ನೂ ಬಿಟ್ಟೆವು. ಅಲ್ಲಿಗೆ ದೋಣಿಯಲ್ಲಿ ಹೋಗಿ ಬರಬೇಕು, ದ್ವೀಪದಲ್ಲಿ ವಸತಿ ಇಲ್ಲ.

ವಿದ್ಯಾ ಮಾಲ್ಡೀವ್ಸ್ ತೆರೆದಳು. ನೀಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಗುಡಿಸಲುಗಳು. ಮಲಗುವ ಕೋಣೆಯ ಮೆಟ್ಟಿಲಿಳಿದರೆ ಸಮುದ್ರ.

"ಅಯ್ಯ, ಇದೇನ್ ದೊಡ್ಡದು?" ಎಂದಳು ಕಸ್ತೂರಿ. "ಮಳಿಗಾಲದಾಗ ದೂಧಗಂಗಾ ಏರಿತಂದ್ರ ನಮ್ಮ ಮನೀನೂ ಹಿಂಗ ಇರತೈತಿ. ಅಡಗಿಮನಿ ಮೆಟ್ಟಲಾ ಇಳದ್ರ ಹೊಳಿ. ಆದ್ರ ಒಬ್ಬ ನನಮಗನೂ ಬಂದು ಬಾಡಗಿ ಕೊಟ್ಟಿಲ್ಲ ನೋಡ್ರಿ."

ಮಾಲ್ಡೀವ್ಸಿಗೆ ಪಾಸ್‌ಪೋರ್ಟ್ ಬೇಕು. ನನಗೆ ಇರಲಿಲ್ಲ. ಲಕ್ಷದ್ವೀಪದ ಹವಳದ ದಿಬ್ಬಗಳನ್ನು ನೋಡಿ ನನ್ನ ಮನಸ್ಸು ಅಲ್ಲಿಯೇ ಕೂತಿತು, ಆದರೆ ಅಲ್ಲಿಗೆ ಪರವಾನಗಿ ಬೇಕು, ಪೊಲೀಸರ ದಾಖಲೆ ಬೇಕು, ಅದು ಬರುವಷ್ಟರಲ್ಲಿ ಬಳ್ಳಿಯ ಕತ್ತರಿ ಬರುತ್ತದೆ. ಉಳಿದದ್ದು ಅಂಡಮಾನ. ದ್ವೀಪ ಹೀಗೆ ತಾನಾಗಿಯೇ ಆಯ್ಕೆಯಾಯಿತು. ರಿಸಾರ್ಟ್ ಮಾತ್ರ ಹಾಗಾಗಲಿಲ್ಲ. ವಿದ್ಯಾ ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಅದೇ ತೆಂಗಿನಮರ, ಅದೇ ಜೋಕಾಲಿ, ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡು ಮಲಗಿದ ಅದೇ ಹೆಂಗಸು.

"ಅವ್ವಾ, ಇದರಾಗ ಯಾವುದು ಚಲೋ ಅಂತ ಹೆಂಗ ಹೇಳೂದು? ಎಲ್ಲಾ ಛಂದ ಅದಾವ."

ಕಬಡ್ಡಿ ತಂಡಕ್ಕೆ ಹುಡುಗಿಯರನ್ನು ಆರಿಸುವಾಗ ನಾನು ಎಂದೂ ಮೈಕಟ್ಟು ನೋಡಿದವಳಲ್ಲ. ಒಂದು ಸಲ ಅಂಕಣಕ್ಕೆ ಬಿಡುತ್ತಿದ್ದೆ, ನೋಡುತ್ತಿದ್ದೆ. "ಚಿತ್ರಾ ಸಾಕು," ಎಂದೆ. "ಫೋನ್ ಹಚ್ಚು."

ಎಲ್ಲರಿಗೂ ಕೇಳಲೆಂದು ವಿದ್ಯಾ ಸ್ಪೀಕರ್ ಹಾಕಿದಳು. ಮೊದಲನೆಯ ರಿಸಾರ್ಟಿನವನು ಹಿಂದಿಯಲ್ಲಿ ಬಹಳ ನಯವಾಗಿ ಮಾತಾಡಿದ. ಮಾಲಿಷ್ ಉಂಟು, ಮೇಣದಬತ್ತಿಯ ಬೆಳಕಿನಲ್ಲಿ ಊಟ ಉಂಟು, ಕೇಕ್ ಉಂಟು. ನಾನು ಕೇಳಿದೆ: ನಿಮ್ಮಲ್ಲಿ ಯಾವ ಯಾವ ಮೀನು ಸಿಗುತ್ತವೆ? "ಎಲ್ಲಾ ಸಿಗುತ್ತವೆ ಮೇಡಂ. ಕರಿ, ಫ್ರೈ, ಗ್ರಿಲ್. ಹೇಗೆ ಬೇಕೋ ಹಾಗೆ." ಯಜಮಾನರು ಬಾಯಿಗೆ ಟವೆಲು ಹಿಡಿದುಕೊಂಡು ಹೊರಗೆ ಹೋದರು. ನಮ್ಮದು ಮೀನು ತಿನ್ನುವ ಮನೆಯಲ್ಲ.

ಎರಡನೆಯದರಲ್ಲಿ ಒಬ್ಬ ಹುಡುಗಿ. ನನ್ನ ವಯಸ್ಸು ಹೇಳಿದೆ. "ವಯಸ್ಸು ಅನ್ನುವುದು ಬರೀ ಒಂದು ನಂಬರ್ ಮೇಡಂ," ಎಂದಳು. ನಂಬರಲ್ಲದೆ ಮತ್ತೇನು ಎಂದುಕೊಂಡೆ. ನೀರಿಗೆ ಇಳಿಸುವ ಮೊದಲು ನೀವು ಏನೇನು ಕೇಳುತ್ತೀರಿ ಎಂದೆ. "ಏನೂ ಕೇಳುವುದಿಲ್ಲ, ಸುಮ್ಮನೆ ಬನ್ನಿ, ವೀಡಿಯೋ ಫ್ರೀ." ಹೊಟ್ಟೆಗೆ ಏನು ತಿಂದಿದ್ದೀ ಎಂದು ಕೇಳದೆ ನಾನು ಒಬ್ಬ ಹುಡುಗಿಯನ್ನೂ ಓಟಕ್ಕೆ ಬಿಟ್ಟವಳಲ್ಲ. ಆ ರಿಸಾರ್ಟನ್ನೂ ಬಿಟ್ಟೆ.

ಮೂರನೆಯದು ಚಿಕ್ಕ ರಿಸಾರ್ಟ್. ಫೋಟೋಗಳೂ ಕಡಿಮೆ, ಅವುಗಳಲ್ಲಿ ಅರ್ಧ ಮಸುಕು. ಫೋನ್ ಎತ್ತಿಕೊಂಡವನು ನೀರೊಳಗೆ ಕರೆದುಕೊಂಡು ಹೋಗುವ ಮನುಷ್ಯನೇ. ನನ್ನ ಹಿಂದಿ ಕೇಳಿ, ಊರು ಯಾವುದು ಎಂದ. ಹೇಳಿದೆ. "ಅರೇ ಮಾವಶಿ, ನಾನು ಮಾಲವಣದವನು!" ಎಂದು ಮರಾಠಿಗೆ ಹೊರಳಿದ. ಮಾವಶಿ ಎಂದರೆ ಚಿಕ್ಕಮ್ಮ. ಮನೆಯವರಿಗೆಲ್ಲ ಅವನ ಮೇಲೆ ಒಮ್ಮೆಗೇ ಮಮತೆ ಬಂತು. ಅವನಿಗೆ ಮಾತ್ರ ನನ್ನ ಮೇಲೆ ಬರಲಿಲ್ಲ. ಅವನು ನನ್ನನ್ನೇ ಕೇಳತೊಡಗಿದ. ಕಿವಿ ಹೇಗಿದೆ? ರಕ್ತದೊತ್ತಡ? ದಮ್ಮಿನ ರೋಗ? ಎದೆಗೆ ಶಸ್ತ್ರಚಿಕಿತ್ಸೆ ಏನಾದರೂ? ನಾನು ಎದ್ದು ನಿಂತು ಉತ್ತರ ಹೇಳುತ್ತಿದ್ದೆನಂತೆ. ವಿದ್ಯಾ ಆಮೇಲೆ ಹೇಳಿದಳು.

ಕೊನೆಗೆ ಕೇಳಿದ: "ನೀರಿನ ರೂಢಿ ಇದೆಯಾ ಮಾವಶಿ?"

ಇದಕ್ಕಾಗಿಯೇ ನಾನು ಕಾಯುತ್ತಿದ್ದೆ. ಕೃಷ್ಣೆ, ದಾದಾ, ತಳದಲ್ಲಿ ಕೂರುವುದು, ಊರಿನ ಗಂಡುಹುಡುಗರನ್ನು ಸೋಲಿಸಿದ್ದು, ಎಲ್ಲ ಹೇಳಿದೆ. ಈಗಲೂ ಸ್ನಾನಕ್ಕೆ ತಲೆಯ ಮೇಲೆ ನೀರು ಸುರಿದುಕೊಂಡರೆ ಬಿಂದಿಗೆ ಮುಗಿಯುವತನಕ ದಮ್ಮು ಬಿಡುವುದಿಲ್ಲ ಎಂದೆ. ಔಷಧಿ ಹೊಡೆದ ದ್ರಾಕ್ಷಿ ಸಾಲನ್ನು ಒಂದೇ ದಮ್ಮಿನಲ್ಲಿ ದಾಟುತ್ತೇನೆ ಎಂದೆ.

"ಹಾಗಾದರೆ ಕಷ್ಟ, ಮಾವಶಿ," ಎಂದ.

"ಏನು?"

"ಈಜು ಬಾರದವರನ್ನು ನಾನು ದಿನವೂ ಕರೆದೊಯ್ಯುತ್ತೇನೆ. ಅವರು ಹೇಳಿದ ಹಾಗೆ ಕೇಳುತ್ತಾರೆ. ಹೊಳೆಯಲ್ಲಿ ಬೆಳೆದವರು, ಅದರಲ್ಲೂ ದಮ್ಮು ಹಿಡಿಯುವವರು ಎಂದರೆ ನನಗೆ ಬಹಳ ಅಂಜಿಕೆ. ಸಿಲಿಂಡರ್ ಹಾಕಿಕೊಂಡ ಮೇಲೆ ಮೊದಲನೆಯ ನಿಯಮ ಒಂದೇ: ಉಸಿರು ಹಿಡಿಯಬಾರದು. ಕೆಳಗಿನ ಗಾಳಿ ಎದೆಯಲ್ಲಿ ತುಂಬಿಕೊಂಡು, ಬಾಯಿ ಮುಚ್ಚಿ ಮೇಲೆ ಬಂದರೆ ಆ ಗಾಳಿ ಹಿಗ್ಗುತ್ತದೆ. ಪುಗ್ಗೆ ಒಡೆದ ಹಾಗೆ ಎದೆ ಒಡೆಯಬಹುದು. ಬರೀ ಮಾತಲ್ಲ. ಆಡುತ್ತಲೇ ಇರಬೇಕು ಉಸಿರು, ಒಳಗೆ, ಹೊರಗೆ. ನಿಮ್ಮ ಮೈಗೆ ಅದು ಬರುತ್ತದೋ ಇಲ್ಲವೋ."

ನನ್ನ ಜೀವಮಾನದ ಒಂದೇ ಬಹುಮಾನವನ್ನು ಅವನು ಇದೇ ನಿನ್ನ ರೋಗ ಎಂದು ತಿರುಗಿಸಿ ಕೊಟ್ಟಿದ್ದ.

ಪರೀಕ್ಷೆಯನ್ನೂ ಅವನೇ ಹೇಳಿದ. ಒಂದು ದೊಡ್ಡ ಪಾತ್ರೆಯಲ್ಲಿ ನೀರು. ಬಾಯಲ್ಲಿ ಒಂದು ಗಿಡ್ಡ ನಳಿಗೆ, ಮೂಗಿಗೆ ಬೆರಳು. ಮುಖ ನೀರೊಳಗೆ, ನಳಿಗೆಯ ತುದಿ ಹೊರಗೆ. ಪಕ್ಕದಲ್ಲಿ ಒಬ್ಬರು ಇರಲಿ. ಉಸಿರಾಡುತ್ತ ಇರಿ, ಮುಖ ಎತ್ತಬೇಡಿ. ಮೈ ಒಪ್ಪಿದರೆ ಸಂಜೆ ಫೋನ್ ಮಾಡಿ. ಒಪ್ಪದಿದ್ದರೆ ಗಾಜಿನ ತಳದ ದೋಣಿ ಇದೆ, ಅದರಲ್ಲಿ ಕೂತು ನೋಡಬಹುದು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಫೋನ್ ಇಟ್ಟ ಮೇಲೆ ನಾನು ಹೇಳಿದೆ: "ಇದೇ ರಿಸಾರ್ಟ್."

"ಅವ್ವಾ, ಅಂವ ಬ್ಯಾಡ ಅನ್ನಾಕತ್ತಾನ! ಬರ್ರಿ ಅಂದವರನ್ನ ಬಿಟ್ಟು ಬ್ಯಾಡ ಅಂದವನ ಕಡೆ ಹೋಗ್ತೀ?"

"ಬ್ಯಾಡ ಅನ್ನಾಕ ಬರೂವನ ಕೈಯಾಗಷ್ಟ ನಾ ಜೀವಾ ಕೊಡ್ತೀನಿ," ಎಂದೆ.

ಹೇಳುವಾಗ ಮಾತು ದೊಡ್ಡದಾಗಿಯೇ ಇತ್ತು. ಗಾಜಿನ ತಳದ ದೋಣಿ ಎಂಬ ಶಬ್ದ ಮಾತ್ರ ತಲೆಯಿಂದ ಹೋಗಲಿಲ್ಲ. ಅಷ್ಟು ದೂರ ಹೋಗಿ ಮೇಲಿನಿಂದ ನೋಡಿ ಬರುವುದಾದರೆ ವಿದ್ಯಾಳ ಲ್ಯಾಪ್‌ಟಾಪ್ ಏನು ಕಡಿಮೆ?

ಪಾತ್ರೆಯೆಂದರೆ ನಮ್ಮಲ್ಲಿ ಮುಖ ಮುಳುಗುವಂಥದ್ದು ಒಂದೇ: ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುವ ಕಲ್ಲಿನ ಡೋಣಿ. ಅದನ್ನು ತುಂಬಿಸಿದೆ. ತೋಟದ ಹಳೆಯ ಡ್ರಿಪ್ ಪೈಪಿನಲ್ಲಿ ಒಂದು ಗೇಣು ಕತ್ತರಿಸಿ ಬಿಸಿನೀರಿನಲ್ಲಿ ತೊಳೆದೆ. ಸೀರೆಯ ಸೆರಗು ಸೊಂಟಕ್ಕೆ ಕಟ್ಟಿದೆ. ಎಮ್ಮೆ ಗೂಟದ ಬಳಿಯಿಂದ ಕತ್ತು ನೀಡಿ ನೋಡುತ್ತಿತ್ತು, ತನ್ನ ನೀರಿಗೆ ಯಾರು ಬಂದರೆಂದು.

ಮೂಗು ಹಿಡಿದೆ, ಪೈಪು ಕಚ್ಚಿದೆ, ಮುಖ ಮುಳುಗಿಸಿದೆ.

ದಮ್ಮು ನಿಂತಿತು. ನಾನು ನಿಲ್ಲಿಸಲಿಲ್ಲ, ಅದಾಗಿಯೇ ನಿಂತಿತು. ಕದ ಹಾಕಿ ಅಗಳಿ ಜಡಿದ ಹಾಗೆ. ಪೈಪು ಬಾಯಲ್ಲಿದೆ, ಗಾಳಿ ಪೈಪಿನಲ್ಲಿದೆ, ಎದೆ ಮಾತ್ರ ಗಟ್ಟಿ. ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಲಿಲ್ಲ. ಕೊನೆಗೆ ಮುಖ ಎತ್ತಿ ಏದುಸಿರು ಬಿಟ್ಟೆ.

"ಪಾಸ್ ಆದ್ರಿ ಏನ್ರಿ ವೈನಿ?" ಎಂದಳು ಕಸ್ತೂರಿ. ಒಣದ್ರಾಕ್ಷಿಯ ಬುಟ್ಟಿಯನ್ನು ಡೋಣಿಯ ಹತ್ತಿರಕ್ಕೇ ತಂದು ಕೂತಿದ್ದಳು.

ಮತ್ತೆ ಮುಳುಗಿಸಿದೆ. ಮತ್ತೆ ಅದೇ. ಮಧ್ಯಾಹ್ನದ ಊಟದವರೆಗೂ ಅದೇ, ಊಟದ ಮೇಲೂ ಅದೇ. ನೋಡಿ, ನಾನು ಹುಡುಗಿಯರಿಗೆ ಕಲಿಸಿದ್ದೇ ಅದು. ಕಬಡ್ಡಿಯಲ್ಲಿ ಎದುರಿನ ಅಂಕಣಕ್ಕೆ ಹೋದವಳು ಉಸಿರು ಎಳೆದುಕೊಂಡಳೋ, ಔಟ್. "ದಮ್ಮ ಬಿಡಬ್ಯಾಡ" ಎಂದು ಗೆರೆಯ ಈಚೆಯಿಂದ ಕೂಗಿ ಕೂಗಿ ನನ್ನ ಗಂಟಲು ಈಗಲೂ ಗಂಡುದನಿಯದು. ದಮ್ಮು ಬಿಟ್ಟ ಹುಡುಗಿ ತಲೆ ತಗ್ಗಿಸಿ ಹೊರಗೆ ಬರುತ್ತಿದ್ದಳು. ಇಷ್ಟು ವರ್ಷ ಬೇರೆಯವರ ಮೈಗೆ ತುಂಬಿದ್ದನ್ನು ನನ್ನ ಮೈಯಿಂದ ಒಂದು ಮಧ್ಯಾಹ್ನದಲ್ಲಿ ಕೀಳುವುದು ಹೇಗೆ? ವಿದ್ಯಾ ನನ್ನ ತೊಯ್ದ ಕೂದಲು ನೋಡಿ, "ಸಾಕು ಅವ್ವಾ, ಶೀತ ಆಗತೈತಿ. ಗಾಜಿನ ದೋಣಿನೂ ಚಲೋ ಇರತೈತಿ," ಎಂದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಯಜಮಾನರು ಎಮ್ಮೆ ಬಿಚ್ಚಿಕೊಂಡು ಬಂದರು.

"ಸರಿ ಅತ್ತಾಗ. ಮುಂಜಾನಿಂದ ನೀರ ಕುಡಿದಿಲ್ಲ ಅದು."

"ಸ್ವಲ್ಪ ತಡೀರಿ."

"ಏನ್ ಮಾಡಾಕತ್ತೀ ಅಂತೀನಿ? ಪೈಪಿನ್ಯಾಗ ಉಸರಾಡೂದು ಅಷ್ಟ ಅಲ್ಲೇನು?"

"ಅಷ್ಟ! ನೀವ ಮಾಡಿ ತೋರಸ್ರಿ ಹಂಗಾರ!"

ಅವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಅಥಣಿಯ ಆಚೆಯ ಒಣ ಸೀಮೆಯಲ್ಲಿ ಹುಟ್ಟಿದವರು. ಅವರ ಊರಿನ ಬಾವಿಯಲ್ಲಿ ಕೊಡ ಮುಳುಗುವಷ್ಟು ನೀರಿದ್ದರೆ ಹಬ್ಬ. ಮದುವೆಯಾಗಿ ಜುಗೂಳಕ್ಕೆ ಬಂದಾಗ ಹೊಳೆಯಲ್ಲಿ ಮೊಣಕಾಲಿನವರೆಗೆ ಇಳಿದು, ತಂಬಿಗೆಯಿಂದ ತಲೆಗೆ ಸುರಿದುಕೊಂಡು ಬಂದಿದ್ದರು. ಅದನ್ನು ನೋಡಿ ನಮ್ಮ ದಾದಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮುಖ ನೀರೊಳಗೆ ಹಾಕಿದ ಮನುಷ್ಯನೇ ಅಲ್ಲ ಅವರು.

ಎಮ್ಮೆಯ ಹಗ್ಗ ಕಸ್ತೂರಿಯ ಕೈಗೆ ಕೊಟ್ಟರು. ಟೊಪ್ಪಿಗೆ ತೆಗೆದು ಗೋಡೆಯ ಮೇಲಿಟ್ಟರು. ಪೈಪನ್ನು ಧೋತರದ ಚುಂಗಿನಿಂದ ಒರೆಸಿ, ಕಚ್ಚಿ, ಮೂಗು ಹಿಡಿದು, ಡೋಣಿಯಲ್ಲಿ ಮುಖ ಹಾಕಿದರು.

ಸುಂಯ್, ಎಂದಿತು ಪೈಪು. ಭುಸ್, ಎಂದಿತು. ಮತ್ತೆ ಸುಂಯ್. ಮತ್ತೆ ಭುಸ್. ಮಧ್ಯಾಹ್ನ ಉಂಡು ಮಲಗಿದವರ ಹಾಗೆ. ನಾವು ಮೂವರೂ ನೋಡುತ್ತ ನಿಂತೆವು. ಕಸ್ತೂರಿ ತಿನ್ನುವುದನ್ನು ನಿಲ್ಲಿಸಿದಳು. ಸಾಕಷ್ಟು ಹೊತ್ತಾದ ಮೇಲೆ ಎದ್ದರು, ಅದೂ ಎಮ್ಮೆ ಹೆಗಲಿಗೆ ಹಾಯ್ದದ್ದಕ್ಕೆ.

"ಏನೈತಿ ಇದರಾಗ?" ಎಂದರು, ಮೀಸೆ ಒರೆಸಿಕೊಳ್ಳುತ್ತ.

"ನಿಮ್ಮ ದಮ್ಮ ನಿಲ್ಲಲಿಲ್ಲೇನ್ರಿ?"

"ಯಾಕ ನಿಲ್ಲಬೇಕು? ಪೈಪ್ ಐತೆಲ್ಲ. ನಿಲ್ಲಸ್ಬೇಕು ಅಂತ ನನಗ್ಯಾರು ಕಲಿಸ್ಯಾರ?"

ನಾನು ಡೋಣಿಯ ಅಂಚಿನ ಮೇಲೆ ಕೂತುಬಿಟ್ಟೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಮುದ್ರಕ್ಕೆ ಹೋಗಲು ಎಲ್ಲ ಅರ್ಹತೆ ಇದ್ದವರು ಹಾಲು ಹಿಂಡುವ ಹೊತ್ತಿಗೆ ಮನೆ ಸೇರಬೇಕೆನ್ನುವ ಈ ಮನುಷ್ಯ.

"ನನಗ ಆಗೂದಿಲ್ಲ ಕಾಣತೈತ್ರಿ," ಎಂದೆ. ಆ ಮಾತನ್ನು ನಾನು ಅವರ ಮುಂದೆ ಎಂದೂ ಆಡಿರಲಿಲ್ಲ. ಅವರಿಗೂ ಅದು ಹೊಸದು. ಗೋಡೆಯ ಮೇಲಿಂದ ಟೊಪ್ಪಿಗೆ ತೆಗೆದುಕೊಂಡು ಕೈಯಲ್ಲಿ ತಿರುಗಿಸಿದರು.

"ಒಂದ್ ಕೆಲಸಾ ಮಾಡು. ಪೈಪಿನ್ಯಾಗ ಮಾತಾಡು."

"ಏನ್ ಮಾತಾಡ್ಲಿ?"

"ಏನರ. ಮಾತಾಡೂ ಮನಶ್ಯಾ ದಮ್ಮ ಹೆಂಗ ಹಿಡಿತಾನ? ನನ್ನ ಬಯ್ಯಿ. ಅದಕ್ಕ ನಿನಗ ಎಂದೂ ಮಾತ ಕಮ್ಮಿ ಬಿದ್ದಿಲ್ಲ."

ವಿದ್ಯಾ ನಕ್ಕಳು. ನಾನು ನಗಲಿಲ್ಲ, ಏಕೆಂದರೆ ಮಾತು ಸರಿಯಾಗಿತ್ತು. ಪೈಪು ಕಚ್ಚಿದೆ, ಮುಖ ಮುಳುಗಿಸಿದೆ. ಎದೆ ಅಗಳಿ ಹಾಕಲು ಬಂತು. ಅಷ್ಟರಲ್ಲಿ ನಾನು ಶುರು ಮಾಡಿದೆ. ಮೊದಲು ಟವೆಲಿನಿಂದ: ತೊಯ್ದ ಟವೆಲು ಹಾಸಿಗೆಯ ಮೇಲೆ ಒಗೆಯುವುದು. ಮಾತು ಹೊರಗೆ ಹೋಯಿತು, ಅದರ ಜೊತೆ ಉಸಿರೂ ಹೋಯಿತು. ಮುಂದಿನ ಬೈಗುಳಕ್ಕೆ ಗಾಳಿ ಬೇಕಲ್ಲ, ತಾನಾಗಿ ಒಳಗೆ ಬಂತು. ಆಮೇಲೆ ವಿದ್ಯಾಳ ಮ್ಯಾಟ್ರಿಕ್ ಪರೀಕ್ಷೆಯ ದಿನ ಅವಳನ್ನು ಬಿಟ್ಟುಬರುವುದನ್ನು ಮರೆತು ಔಷಧಿ ಹೊಡೆಯುತ್ತ ನಿಂತದ್ದು. ಚಿಂಚಲಿಯಲ್ಲಿ ಎಮ್ಮೆ ಕೊಳ್ಳಲು ಹೋದವರು ನನ್ನನ್ನು ಅಲ್ಲಿಯೇ ಬಿಟ್ಟು ಎಮ್ಮೆಯ ಜೊತೆ ಟೆಂಪೋ ಹತ್ತಿದ್ದು. ನನ್ನ ಹುಡುಗಿಯರು ಜಿಲ್ಲೆಗೆ ಗೆದ್ದ ದಿನ ಬರುತ್ತೇನೆಂದು ಬಾರದೆ ಹೋದದ್ದು. ಮೇಲೆ ಪೈಪಿನ ತುದಿಯಿಂದ ಅಕ್ಷರ ಬರುತ್ತಿರಲಿಲ್ಲವಂತೆ, ರಾಗ ಬರುತ್ತಿತ್ತಂತೆ. "ಇದು ಟೆಂಪೋದ್ದು," ಎಂದು ಯಜಮಾನರು ಗುರುತು ಹಿಡಿಯುತ್ತಿದ್ದರಂತೆ. "ಇದು ಕಬಡ್ಡೀದು."

ನನಗೆ ಇದಾವುದೂ ಕೇಳಲಿಲ್ಲ. ಯಾವಾಗಲೋ ಬೈಯುವುದು ನಿಂತಿತ್ತು. ಉಸಿರು ನಿಂತಿರಲಿಲ್ಲ. ಕಣ್ಣು ಬಿಟ್ಟೆ. ಡೋಣಿಯ ತಳದಲ್ಲಿ ಹಸಿರು ಪಾಚಿ ಕಲ್ಲಿನ ಉಳಿಗುರುತುಗಳ ಉದ್ದಕ್ಕೂ ಬೆಳೆದು, ನನ್ನ ಉಸಿರಿಗೆ ತಕ್ಕಂತೆ ಸ್ವಲ್ಪ ಸ್ವಲ್ಪ ಓಲಾಡುತ್ತಿತ್ತು. ಎರಡು ಜೋಳದ ಕಾಳು. ಒಂದು ಸಣ್ಣ ಹುಳ, ಕಾಳಿನ ಕೆಳಗಿನಿಂದ ಬಂದು, ಪಾಚಿಯನ್ನು ಸುತ್ತು ಹಾಕಿ, ಮೂಲೆಯ ಬಿರುಕಿನವರೆಗೆ ನಡೆದು ಒಳಗೆ ಹೋಯಿತು. ಪೂರ್ತಿ ಹೋಯಿತು. ನಾನು ಕೊನೆಯವರೆಗೂ ನೋಡಿದೆ.

ಮುಖ ಎತ್ತಿದಾಗ ಯಜಮಾನರ ಕೈ ನನ್ನ ಬೆನ್ನಿನ ಮೇಲಿತ್ತು.

"ಮುಗೀತೇನ್ ನಂದು ಎಲ್ಲಾ?" ಎಂದರು.

"ಅರ್ಧಾನೂ ಆಗಿಲ್ಲ," ಎಂದೆ.

ಅದಾದ ಮೇಲೂ ಹಲವು ಸಲ ಮುಖ ಮುಳುಗಿಸಿದೆ. ನಡುವೆ ಎರಡು ಸಲ ಹಳೆಯ ಚಾಳಿ ಬಂದು ಎದೆ ಹಿಡಿಯಿತು. ಮತ್ತೆ ಟವೆಲಿನಿಂದ ಶುರು ಮಾಡಿದೆ. ಸಂಜೆ ಫೋನ್ ಹಚ್ಚಿ ಮಾಲವಣದವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಎದೆ ಹಿಡಿದದ್ದನ್ನೂ ಸೇರಿಸಿ. ಅವನು ಪೂರ್ತಿ ಕೇಳಿಸಿಕೊಂಡ.

"ಸುಳ್ಳು ಹೇಳಲಿಲ್ಲವಲ್ಲ, ಬನ್ನಿ," ಎಂದ. "ಕಿವಿ, ಎದೆ ಎರಡನ್ನೂ ಡಾಕ್ಟರಿಗೆ ತೋರಿಸಿ ಕಾಗದ ತನ್ನಿ. ಅವರು ಬೇಡವೆಂದರೆ ನನ್ನದೂ ಬೇಡ. ಮೊದಲು ಸೊಂಟದ ನೀರಿನಲ್ಲಿ ನೋಡುತ್ತೇನೆ. ಕೆಳಗೆ ನಿಮ್ಮ ಕೈ ನನ್ನ ಕೈಯಲ್ಲಿ. ನಾನು ಮೇಲೆ ಎಂದರೆ ಮೇಲೆ. ವಾದ ಇಲ್ಲ."

ಇಡೀ ನೌಕರಿಯಲ್ಲಿ ಮತ್ತೊಬ್ಬರ ಸೀಟಿಗೆ ನಾನು ಓಡಿದವಳಲ್ಲ. "ಆಗಲಿ," ಎಂದೆ.

"ಎಷ್ಟು ಜನ, ಮಾವಶಿ?"

"ಇಬ್ಬರು."

ಕೊಟ್ಟಿಗೆಯಿಂದ ಕೂಗು ಬಂತು. "ಏ, ನಾ ದಂಡಿ ಮ್ಯಾಲ ಕುಂಡ್ರತೀನಿ ನೋಡು! ನೀರಾಗ ಇಳಿಯೂವಲ್ಲ! ಅಲ್ಲಿ ನಂದೇನ್ ಕೆಲಸಾ?"

ನಾನು ಫೋನಿಗೆ ಕೈ ಮುಚ್ಚಿ ತಿರುಗಿದೆ. "ನೀವು ನೀರಾಗ ಬರಲಿಲ್ಲಂದ್ರ ನಾ ಯಾರ್ನ ಬಯ್ಲಿ?"

ಅತ್ತ ಹಾಲು ಹಿಂಡುವ ಸದ್ದು ನಿಂತಿತು. ಆಮೇಲೆ, "ಹಾಲಿಗೆ ಕಸ್ತೂರಿ ಇರತಾಳೇನ್ ಕೇಳು," ಎಂದರು.

ಕಸ್ತೂರಿ ಬಾಯಿ ತೆರೆಯುವುದರೊಳಗೆ ನಾನು ಎರಡೂ ಹೆಸರು ಬರೆಸಿದೆ. ಇನ್ನು ಉಳಿದದ್ದು ಒಂದೇ ಕೆಲಸ. ತೆಂಗಿನ ನಾರು ತೆಗೆದುಕೊಂಡು ಹಿತ್ತಲಿಗೆ ಹೋಗಿ, ದಿನವೆಲ್ಲ ನಾನು ಕೆಡಿಸಿದ್ದ ಡೋಣಿಯ ನೀರು ಚೆಲ್ಲಿ, ತಿಕ್ಕಿ, ತೊಳೆದು, ಹೊಸ ನೀರು ತುಂಬಿಸಿದೆ. ಎಮ್ಮೆ ಬಂದು ಮೂಸಿ ನೋಡಿತು, ನನ್ನನ್ನೊಮ್ಮೆ ನೋಡಿತು, ಕುಡಿಯಿತು.